ಆಲೂಗೆಡ್ಡೆ ವಹಿವಾಟು ಮತ್ತು ಸಸ್ಯ ಹಾರ್ಮೋನುಗಳು

ಸುದ್ದಗುಂಟೆಪಾಳ್ಯದ ತರಕಾರಿ ಅಂಗಡಿಯಲ್ಲಿ ಮೂಟೆಯೊಳಗಿನ ಆಲೂಗೆಡ್ಡೆ ಮೊಳಕೆಯೊಡೆದರೆ ವರ್ತಕನಿಗೆ ನಷ್ಟ. ಹಾಸನದ ರೈತ ಕೊಂಡ ಬಿತ್ತನೆ ಗೆಡ್ಡೆ ಸಕಾಲದಲ್ಲಿ ಮೊಳಕೆಯೊಡೆಯದಿದ್ದರೆ ಆತನಿಗೆ ನಷ್ಟ. ಈ ಎರಡರ ಹಿಂದೆಯೂ ಇರುವುದು ಗೆಡ್ಡೆಯೊಳಗೆ ಅತ್ಯಲ್ಪ ಪ್ರಮಾಣದಲ್ಲಿ ಉತ್ಪತ್ತಿಯಾಗುವ ಹಾರ್ಮೋನುಗಳ ಏರಿಳಿತ.

ಆಲೂಗೆಡ್ಡೆ ಬೇರಲ್ಲ, ಕಾಂಡ. ಮಣ್ಣಿನೊಳಗೆ ಅಡ್ಡಲಾಗಿ ಚಾಚುವ 'ಸ್ಟೋಲನ್' ಎಂಬ ಎಳೆಗಾಂಡದ ತುದಿಯೇ ಉಬ್ಬಿ ಗೆಡ್ಡೆಯಾಗುತ್ತದೆ. ಜಿಬ್ಬರೆಲಿನ್ ಹಾರ್ಮೋನು ಹೆಚ್ಚಿರುವವರೆಗೆ ಈ ಕಾಂಡ ಉದ್ದವಾಗುತ್ತಲೇ ಹೋಗುತ್ತದೆ. ತುದಿಯಲ್ಲಿ ಅದರ ಪ್ರಮಾಣ ಕುಸಿದಾಗ ಮಾತ್ರ ಜೀವಕೋಶಗಳು ಅಡ್ಡಲಾಗಿ ಹಿಗ್ಗಿ, ವಿಭಜನೆಗೊಂಡು, ಪಿಷ್ಟವನ್ನು ತುಂಬಿಕೊಳ್ಳುತ್ತವೆ. ಕೋಶವಿಭಜನೆಗೆ ಸೈಟೊಕೈನಿನ್ ಮತ್ತು ಆಕ್ಸಿನ್‌ಗಳು ನೆರವಾಗುತ್ತವೆ. ಆದರೆ ಗೆಡ್ಡೆ ಕಟ್ಟುವ ಸೂಚನೆ ಹೊರಡುವುದು ಎಲೆಯಿಂದ. ಎಲೆಯಲ್ಲಿ ತಯಾರಾಗಿ ಸ್ಟೋಲನ್‌ಗೆ ಇಳಿಯುವ 'ಎಸ್‌ಪಿ 6ಎ' ಎಂಬ ಪ್ರೋಟೀನಿನ ಪಾತ್ರವನ್ನು ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು.

ರಾತ್ರಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಮೀರಿದರೆ ಗೆಡ್ಡೆ ಕಟ್ಟುವುದು ಕುಂಠಿತವಾಗುತ್ತದೆ. ಮುಂಗಾರಿನಲ್ಲಿಯೂ ರಾತ್ರಿ ತಂಪಾಗಿರುವ ಹಾಸನ ಜಿಲ್ಲೆ ಈ ಬೆಳೆಗೆ ಒಗ್ಗಿರುವುದರ ಗುಟ್ಟು ಇದು. ಯೂರಿಯಾ ಅತಿಯಾದರೂ ಫಲ ಅದೇ: ಜಿಬ್ಬರೆಲಿನ್ ಮೇಲುಗೈ ಸಾಧಿಸಿ ಸೊಪ್ಪು ಸೊಂಪಾಗುತ್ತದೆ, ಗೆಡ್ಡೆ ತಡವಾಗುತ್ತದೆ. ಹಸಿರು ಹೊಲ ಕಂಡು ಮುಂಗಡ ಕೊಡುವ ವ್ಯಾಪಾರಿಗಳು ಇದನ್ನು ನೆನಪಿನಲ್ಲಿಡುವುದು ಒಳಿತು.

ಹಾಸನಕ್ಕೆ ಬಿತ್ತನೆ ಗೆಡ್ಡೆ ಬಹುಪಾಲು ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಕೊಯ್ಲಾದ ಗೆಡ್ಡೆಯನ್ನು ಅಬ್ಸಿಸಿಕ್ ಆಮ್ಲ ಹಲವು ವಾರ ಸುಪ್ತಾವಸ್ಥೆಯಲ್ಲಿಡುತ್ತದೆ; ಆ ಬಳಿಕ ಮೊಳಕೆಯನ್ನು ತಡೆಯುವುದು ಶೀತಲಗೃಹದ ಚಳಿ. ಆದ್ದರಿಂದ ಅಲ್ಲಿಂದ ಹೊರತೆಗೆದ ಗೆಡ್ಡೆಯನ್ನು ನೆರಳು ಬೆಳಕಿನಲ್ಲಿ ಹರಡಿ, ಮೊಳಕೆ ಕಂಡ ನಂತರವೇ ಬಿತ್ತಬೇಕು. ಆತುರವಿದ್ದವರು ಜಿಬ್ಬರೆಲಿಕ್ ಆಮ್ಲದ ಅತಿ ತೆಳುವಾದ ದ್ರಾವಣದಲ್ಲಿ ಅದ್ದುವುದುಂಟು. ದ್ರಾವಣ ಗಾಢವಾದರೆ ಮೊಳಕೆ ನರಪೇತಲವಾಗಿ ನೀಳವಾಗುತ್ತದೆ.

ತಿನ್ನುವ ಗೆಡ್ಡೆಯ ಲೆಕ್ಕವೇ ಬೇರೆ. 2ರಿಂದ 4 ಡಿಗ್ರಿಯಲ್ಲಿ ಮೊಳಕೆ ನಿಲ್ಲುವುದೇನೋ ನಿಜ, ಆದರೆ ಪಿಷ್ಟ ಸಕ್ಕರೆಯಾಗಿ, ಕರಿದ ಚಿಪ್ಸ್ ಕಂದುಬಣ್ಣಕ್ಕೆ ತಿರುಗುತ್ತದೆ. ಹೀಗಾಗಿ ಚಿಪ್ಸ್ ತಯಾರಕರಿಗೆ ಬೇಕಾದ ಗೆಡ್ಡೆಯನ್ನು 10ರಿಂದ 12 ಡಿಗ್ರಿಯಲ್ಲಿಟ್ಟು, ಮೊಳಕೆ ತಡೆಯಲು ಸಿಐಪಿಸಿ ಬಳಸುವ ಪದ್ಧತಿ ಬೆಳೆಯಿತು. ಐರೋಪ್ಯ ಒಕ್ಕೂಟ 2019ರಲ್ಲಿ ಈ ರಾಸಾಯನಿಕದ ಅನುಮತಿಯನ್ನು ನವೀಕರಿಸಲಿಲ್ಲ. ಅಲ್ಲಿ ಬಳಕೆಯಲ್ಲಿರುವ ಪರ್ಯಾಯಗಳಲ್ಲೊಂದು ಎಥಿಲೀನ್ ಅನಿಲ, ಅದೂ ಒಂದು ಸಸ್ಯ ಹಾರ್ಮೋನೇ. ಸಣ್ಣ ಚಿಪ್ಸ್ ಅಂಗಡಿಯವರು ಮಂಡಿಯಲ್ಲಿ ದರದೊಂದಿಗೆ ಗೆಡ್ಡೆ ಎಷ್ಟು ಡಿಗ್ರಿಯಲ್ಲಿತ್ತೆಂಬುದನ್ನೂ ಕೇಳಿಕೊಂಡರೆ ಎಣ್ಣೆ, ಉರುವಲು ಎರಡೂ ವ್ಯರ್ಥವಾಗುವುದಿಲ್ಲ.