ನಿಮಗಿದು ಗೊತ್ತೇ? ದೋಣಿಯ ಸ್ಪೀಕರಿಗೆ ನೀರಿಗಿಂತ ಉಪ್ಪೇ ದೊಡ್ಡ ಶತ್ರು

ಮನೆಯಲ್ಲಿ ವರ್ಷಗಟ್ಟಲೆ ಚೆನ್ನಾಗಿ ಹಾಡಿದ ಸ್ಪೀಕರನ್ನು ಕಡಲಿಗಿಳಿಯುವ ದೋಣಿಗೆ ಹಾಕಿದರೆ ಬಹುಬೇಗ ಗೊರಗೊರ ಎನ್ನತೊಡಗುತ್ತದೆ. ಉಪ್ಪು, ಬಿಸಿಲು, ತೇವ ಮೂರೂ ಸೇರಿ ಅದನ್ನು ತಿನ್ನುತ್ತವೆ. ವಿಹಾರದ ದೋಣಿಗೆ ಬಾಳಿಕೆ ಬರುವ ಸ್ಪೀಕರ್ ಕೊಳ್ಳುವ ಮುನ್ನ ಈ ಸಂಗತಿಗಳು ಗೊತ್ತಿರಲಿ.

● ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸರಾಸರಿ 35 ಗ್ರಾಂ ಉಪ್ಪಿರುತ್ತದೆ. ಜಾಲರಿಯ ಮೇಲೆ ಬಿದ್ದ ಹನಿ ಒಣಗಿದಾಗ ನೀರು ಹೋಗಿ ಉಪ್ಪಿನ ಬಿಳಿ ಪುಡಿ ಉಳಿಯುತ್ತದೆ. ರಾತ್ರಿಯ ತೇವವನ್ನು ಎಳೆದುಕೊಂಡು ಅದೇ ಪುಡಿ ಮತ್ತೆ ಒದ್ದೆಯಾಗುತ್ತದೆ. ದೋಣಿ ದಡದಲ್ಲಿ ನಿಂತಿದ್ದರೂ ತುಕ್ಕು ಬೆಳೆಯುವುದು ಹೀಗೆ.

● ಇಂದಿನ ಸ್ಪೀಕರುಗಳ ಮೂಲ ವಿನ್ಯಾಸಕ್ಕೆ ನೂರು ವರ್ಷ ತುಂಬಿದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಅದನ್ನು ಪ್ರಕಟಿಸಿದ್ದು 1925ರಲ್ಲಿ. ಕಂಪಿಸಿ ಸದ್ದು ಹೊಮ್ಮಿಸುವ ಕೋನಿಗೆ ಅವರು ಬಳಸಿದ್ದು ಕಾಗದ. ಮನೆಯ ಅನೇಕ ಸ್ಪೀಕರುಗಳಲ್ಲಿ ಇಂದಿಗೂ ಕಾಗದವೇ ಇದೆ. ದೋಣಿಯಲ್ಲಿ ಅದು ಮಳೆಗಾಲದ ಹಪ್ಪಳದಂತೆ ಮೆತ್ತಗಾಗುತ್ತದೆ.

● ದೋಣಿಗೆ ಒಪ್ಪುವ ಕೋನ್ ಪಾಲಿಪ್ರೊಪಿಲೀನಿನದು. ಇಟಲಿಯ ಜೂಲಿಯೊ ನಾಟ್ಟಾ 1954ರಲ್ಲಿ ರೂಪಿಸಿದ ಈ ಪ್ಲಾಸ್ಟಿಕ್ ನೀರನ್ನು ಹೀರುವುದೇ ಇಲ್ಲ ಎನ್ನಬಹುದು. ನಾಟ್ಟಾ ಅವರಿಗೆ 1963ರಲ್ಲಿ ಕಾರ್ಲ್ ಝೀಗ್ಲರ್ ಜೊತೆ ನೊಬೆಲ್ ಪ್ರಶಸ್ತಿಯೂ ಬಂತು.

● ಮೊದಲು ಸಾಯುವುದು ಹೆಚ್ಚಾಗಿ ಕೋನ್ ಅಲ್ಲ, ಅದರ ಸುತ್ತಲಿನ ಮೆತ್ತನೆಯ ಅಂಚು. ಹಳೆಯ ಫೋಮಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಿ: ಪುಡಿಪುಡಿಯಾಗಿ ಉದುರಿ ಬೆರಳಿಗೆ ಅಂಟುತ್ತದೆ. ತೇವವೂ ಬಿಸಿಲೂ ಫೋಮನ್ನು ಒಳಗಿನಿಂದಲೇ ಮುರಿಯುತ್ತವೆ. ರಬ್ಬರಿನ ಅಂಚನ್ನೇ ಕೇಳಿ ಪಡೆಯಿರಿ.

● ‘ವಾಟರ್‌ಪ್ರೂಫ್’ ಎಂಬ ಮಾತನ್ನಷ್ಟೇ ನಂಬಬೇಡಿ, ಐಪಿ ಸಂಖ್ಯೆ ನೋಡಿ. ಅದರ ಎರಡನೆಯ ಅಂಕಿ ನೀರಿಗೆ ಸಂಬಂಧಿಸಿದ್ದು. 5 ಎಂದರೆ ನಿಮಿಷಕ್ಕೆ 12.5 ಲೀಟರ್ ನೀರಿನ ಚಿಲುಮೆಯನ್ನು, 6 ಎಂದರೆ ನಿಮಿಷಕ್ಕೆ 100 ಲೀಟರಿನ ಜೋರು ಚಿಲುಮೆಯನ್ನು ತಡೆಯುತ್ತದೆ. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡುವುದಿಲ್ಲ.

● ಆದರೆ 7 ಪಡೆದದ್ದು 6ರ ಪರೀಕ್ಷೆಯನ್ನೂ ಗೆದ್ದಿದೆ ಎಂದೇನಿಲ್ಲ. ಮುಳುಗಿಸುವುದು ಬೇರೆ, ರಭಸದ ನೀರು ಹೊಡೆಯುವುದು ಬೇರೆ. ಅಲೆಗೆ ಎದುರಾಗುವ ದೋಣಿಗೆ ಎರಡನೆಯದೇ ಮುಖ್ಯ. ಇನ್ನೊಂದು ಮಾತು: ಈ ಪರೀಕ್ಷೆಗಳೆಲ್ಲ ಸಿಹಿನೀರಿನಲ್ಲಿ ನಡೆಯುತ್ತವೆ.

● ಉಪ್ಪಿನದೇ ಪರೀಕ್ಷೆ ಬೇರೆ ಇದೆ. 1939ರಲ್ಲಿ ಮೊದಲು ಬಂದ ಎಎಸ್‌ಟಿಎಂ ಬಿ117 ಮಾನದಂಡದ ಪ್ರಕಾರ, 35 ಡಿಗ್ರಿ ಸೆಲ್ಸಿಯಸ್ ಬಿಸಿಯ ಕೋಣೆಯಲ್ಲಿ ಶೇ. 5ರಷ್ಟು ಉಪ್ಪುನೀರಿನ ಮಂಜನ್ನು ಬಿಡದೆ ಸಿಂಪಡಿಸುತ್ತಾರೆ. ಎಷ್ಟು ಗಂಟೆ ತಡೆದಿದೆ ಎಂದು ಅಂಗಡಿಯವರನ್ನು ಕೇಳಿ.

● ಸ್ಟೇನ್‌ಲೆಸ್ ಸ್ಟೀಲಿಗೂ ತುಕ್ಕು ಹಿಡಿಯುತ್ತದೆ! ಸಾಮಾನ್ಯ 304 ದರ್ಜೆಯ ಸ್ಕ್ರೂ ಉಪ್ಪುಗಾಳಿಗೆ ಕಂದು ಕಣ್ಣೀರಿಡುತ್ತದೆ. 316 ದರ್ಜೆಯಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಇರುವುದರಿಂದ ಅದು ಹೆಚ್ಚು ಕಾಲ ತಡೆಯುತ್ತದೆ.

● ಹಗುರವಾದ ನಿಯೋಡಿಮಿಯಂ ಮ್ಯಾಗ್ನೆಟ್ಟಿಗೆ ಮೇಲಿನ ಲೇಪನ ಕಿತ್ತರೆ ಬೇಗ ತುಕ್ಕು. ಭಾರದ ಫೆರೈಟ್ ಮ್ಯಾಗ್ನೆಟ್ ಮೊದಲೇ ಆಕ್ಸೈಡ್ ಆದ್ದರಿಂದ ಅದಕ್ಕೆ ತುಕ್ಕಿನ ಭಯವಿಲ್ಲ.

● ಯಾವ ಮ್ಯಾಗ್ನೆಟ್ಟೇ ಇರಲಿ, ದಿಕ್ಸೂಚಿಯ ಹತ್ತಿರ ಸ್ಪೀಕರ್ ಕೂರಿಸಿದರೆ ಮುಳ್ಳು ದಾರಿ ತಪ್ಪಿಸುತ್ತದೆ. ಅಂತರವನ್ನು ಎರಡು ಪಟ್ಟು ಮಾಡಿದರೆ ಆಯಸ್ಕಾಂತದ ಪ್ರಭಾವ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಷ್ಟು ದೂರ ಬೇಕೆಂದು ಕೈಪಿಡಿಯಲ್ಲಿ ಹುಡುಕಿ, ಅಳೆದು ಕೂರಿಸಿ.

● ಶರಾವತಿ ಹಿನ್ನೀರಿನಂಥ ಸಿಹಿನೀರಿನ ದೋಣಿಗೆ ಉಪ್ಪಿನ ಕಾಟವಿಲ್ಲ, ಆದರೆ ಬಿಸಿಲು ಅಷ್ಟೇ ಇದೆ. ಎಬಿಎಸ್ ಪ್ಲಾಸ್ಟಿಕ್ಕಿನ ಜಾಲರಿ ಬಿಸಿಲಿಗೆ ಹಳದಿಯಾಗಿ ಸಿಡಿಯುತ್ತದೆ. ಎಎಸ್‌ಎ ಪ್ಲಾಸ್ಟಿಕ್ ಅದಕ್ಕಿಂತ ಬಹಳ ಹೆಚ್ಚು ತಾಳಿಕೊಳ್ಳುತ್ತದೆ.

● ಸ್ಪೀಕರ್ ಗಟ್ಟಿಯಿದ್ದರೂ ತಂತಿ ಕೈಕೊಡಬಹುದು. ಬರೀ ತಾಮ್ರದ ತಂತಿಯ ಪ್ಲಾಸ್ಟಿಕ್ ಹೊದಿಕೆ ಸುಲಿದರೆ, ತುದಿಯಿಂದ ಒಳಕ್ಕೆ ಹಬ್ಬಿದ ಹಸಿರು ಕಿಲುಬು ಕಾಣುತ್ತದೆ. ಎಳೆ ಎಳೆಗೂ ತವರದ ಕಲಾಯಿ ಹಾಕಿದ ತಂತಿಯೇ ದೋಣಿಗೆ ಸರಿ.

● ವ್ಯಾಟ್ ಹೆಚ್ಚಿದ್ದರೆ ಸದ್ದು ಹೆಚ್ಚು ಎಂಬುದು ಪೂರ್ತಿ ನಿಜವಲ್ಲ. ಸೂಕ್ಷ್ಮತೆ (ಅಂದರೆ ನಿಗದಿತ ವಿದ್ಯುತ್ತಿಗೆ ಕೊಡುವ ಸದ್ದು) 92 ಡೆಸಿಬಲ್ ಇರುವ ಸ್ಪೀಕರ್ 50 ವ್ಯಾಟಿನಲ್ಲಿ ಕೊಡುವ ಸದ್ದಿಗೆ, 89 ಡೆಸಿಬಲ್ಲಿನ ಸ್ಪೀಕರಿಗೆ 100 ವ್ಯಾಟ್ ಬೇಕು. ಬ್ಯಾಟರಿಯನ್ನೇ ನಂಬಿದ ದೋಣಿಯಲ್ಲಿ ಇದು ಸಣ್ಣ ಮಾತಲ್ಲ. ಪೆಟ್ಟಿಗೆಯ ಮೇಲಿನ ‘ಪೀಕ್’ ಅಂಕಿ ಬಿಟ್ಟು, ಸತತವಾಗಿ ತಾಳುವ ವ್ಯಾಟ್ ತಿಳಿಸುವ ಆರ್‌ಎಂಎಸ್ ಅಂಕಿ ಓದಿ.

● ಬಯಲಿನಲ್ಲಿ ಅಂತರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಹಾಗಾಗಿ ಒಂದೇ ದೊಡ್ಡ ಸ್ಪೀಕರನ್ನು ಅರಚಿಸುವ ಬದಲು, ಕೂರುವ ಜಾಗದ ಹತ್ತಿರ ನಾಲ್ಕು ಸಣ್ಣವನ್ನು ಹಾಕುವುದು ಜಾಣತನ.

● 4 ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ ಆಂಪ್ಲಿಫೈಯರಿಗೆ ಸಿಗುವುದು 2 ಓಮ್ ಮಾತ್ರ. ಅದಕ್ಕೆ ತಯಾರಿಲ್ಲದ ಆಂಪ್ಲಿಫೈಯರ್ ಸುಟ್ಟೀತು.

● ಬ್ಯಾಟರಿಯಿಂದ ಹೊರಡುವ ತಂತಿಗೆ ಫ್ಯೂಸ್ ಎಲ್ಲಿರಬೇಕು? ಅಮೆರಿಕನ್ ಬೋಟ್ ಆ್ಯಂಡ್ ಯಾಟ್ ಕೌನ್ಸಿಲಿನ ಸಾಮಾನ್ಯ ನಿಯಮ 7 ಅಂಗುಲದೊಳಗೆ ಎನ್ನುತ್ತದೆ. ನೀರಿನ ನಡುವೆ ಬೆಂಕಿ ಬಿದ್ದರೆ ಓಡಿಹೋಗಲು ಜಾಗವಿಲ್ಲ.

● ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿಗಳಿಗೆ ಮಳೆಗಾಲದಲ್ಲಿ ರಜೆ. ಇಂಥ ಬಿಡುವಿನಲ್ಲಿ ಸ್ಪೀಕರನ್ನು ಬಿಚ್ಚಿ, ಒರೆಸಿ, ತೇವವಿಲ್ಲದ ಕೋಣೆಯಲ್ಲಿಟ್ಟರೆ ಆಯುಸ್ಸು ಹೆಚ್ಚುತ್ತದೆ.

● ಕಡಲಿನಲ್ಲಿ ಅಪಾಯದ ಕರೆ ಬರುವುದು ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ಲಿನಲ್ಲಿ, 156.8 ಮೆಗಾಹರ್ಟ್ಸ್‌ನಲ್ಲಿ. ಆ ಕರೆಯನ್ನು ಮುಚ್ಚಿಹಾಕುವಷ್ಟು ಹಾಡಿನ ಸದ್ದು ಯಾವ ದೋಣಿಗೂ ಬೇಡ. ನಮ್ಮ ಕರಾವಳಿ ಕಾವಲು ಪಡೆಯ ಸಹಾಯವಾಣಿ 1554 ಎಂಬುದೂ ನೆನಪಿರಲಿ.

ಎಷ್ಟೇ ದುಬಾರಿ ಸ್ಪೀಕರ್ ಕೊಂಡರೂ ಕೊನೆಯ ಕೆಲಸ ನಿಮ್ಮದೇ. ದಡ ಸೇರಿದ ಕೂಡಲೇ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಜಾಲರಿ, ಅಂಚು, ಸ್ಕ್ರೂಗಳನ್ನು ಒರೆಸಿ. ಖರ್ಚಿಲ್ಲದ ಈ ಅಭ್ಯಾಸವನ್ನು ಮುಂದಿನ ವಿಹಾರದಿಂದಲೇ ಶುರುಮಾಡಿ.