ರಾವಣನ ಸಿಟ್ಟು, ನರಕನ ಮೌನ: ಕಾರವಾರ-ಅಂಕೋಲೆ ಪರಿಸರದ ಖಳಕಲ್ಪನೆ

ಚಲನಚಿತ್ರಗಳಲ್ಲಿಯೂ ವಿಡಿಯೊ ಗೇಮುಗಳಲ್ಲಿಯೂ ಖಳನೆಂದರೆ ಕೊನೆಗೆ ಸೋಲಬೇಕಾದವನು. ಅವನು ಹಾಗೇಕಾದನೆಂಬ ಪ್ರಶ್ನೆಗೆ ಅಲ್ಲಿ ಸಿಗುವ ಅವಕಾಶ ಹಲವೊಮ್ಮೆ ಕಡಿಮೆ. ಉತ್ತರ ಕನ್ನಡದ ಕರಾವಳಿಯ ಕಥನಪರಂಪರೆಯಲ್ಲಿ ಆ ಪ್ರಶ್ನೆಗೇ ಹೆಚ್ಚಿನ ಪ್ರಾಶಸ್ತ್ಯವಿದೆ.

ಅಂಕೋಲೆಯಿಂದ ದಕ್ಷಿಣಕ್ಕೆ ಗಂಗಾವಳಿ ನದಿಯನ್ನು ದಾಟಿದರೆ ಗೋಕರ್ಣ. ಸ್ಥಳಪುರಾಣದಂತೆ, ತಾಯಿ ಕೈಕಸೆಯ ಶಿವಪೂಜೆಗಾಗಿ ರಾವಣನು ತಪಸ್ಸು ಮಾಡಿ ಆತ್ಮಲಿಂಗವನ್ನು ಪಡೆಯುತ್ತಾನೆ. ವಟುರೂಪದ ಗಣಪತಿ ಮೂರು ಬಾರಿ ಕೂಗಿ ಲಿಂಗವನ್ನು ನೆಲಕ್ಕಿಳಿಸುತ್ತಾನೆ. ಕೀಳಲಾರದೆ ಸಿಟ್ಟಿಗೆದ್ದ ರಾವಣನು ಎಸೆದ ಸಂಪುಟ, ಮುಚ್ಚಳ, ದಾರ, ವಸ್ತ್ರಗಳು ಬಿದ್ದಲ್ಲಿ ಕ್ಷೇತ್ರಗಳಾದವು. ಅವುಗಳಲ್ಲಿ ಸಜ್ಜೇಶ್ವರವು ಕಾರವಾರದ ಸಮೀಪದಲ್ಲಿದೆ. ಉಳಿದವು ಗುಣವಂತೆ, ಧಾರೇಶ್ವರ, ಮುರ್ಡೇಶ್ವರ. ಈ ಕಥೆಯಲ್ಲಿ ವಂಚನೆ ದೇವತೆಗಳದ್ದು, ಮಾತೃಭಕ್ತಿ ರಾಕ್ಷಸನದ್ದು. ಖಳನ ಕೋಪವೇ ತೀರ್ಥಕ್ಷೇತ್ರಗಳಿಗೆ ಕಾರಣವಾಗಿರುವುದು ಗಮನಾರ್ಹ.

ಇದೇ ಕಥೆಯನ್ನು ಸುಬ್ಬಯ್ಯನಾಯ್ಡು ಮತ್ತು ಆರ್. ನಾಗೇಂದ್ರರಾಯರ ನಾಟಕಮಂಡಳಿಯು ರಂಗಕ್ಕೆ ತಂದಿತ್ತು. 1958ರ ‘ಭೂಕೈಲಾಸ’ ಚಿತ್ರದಲ್ಲಿ ರಾಜ್‌ಕುಮಾರ್ ರಾವಣನಾದರು. ಮರುವರ್ಷ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷಾಸುರನಾಗಿ, 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾಗಿ ಅವರೇ ಅಭಿನಯಿಸಿದರು. ನಾಯಕನಟನೇ ಅಸುರನಾಗಲು ಕನ್ನಡ ಪ್ರೇಕ್ಷಕನ ಅಭ್ಯಂತರವಿರಲಿಲ್ಲ.

ಇದರ ಹಿನ್ನೆಲೆಯಲ್ಲಿ ಯಕ್ಷಗಾನದ ಸಂಸ್ಕಾರವನ್ನು ಕಾಣಬಹುದು. ಬಣ್ಣದ ವೇಷವು ತೆರೆಯ ಹಿಂದಿನ ಅಬ್ಬರದಿಂದ ಮೊದಲು ಹೆದರಿಸುತ್ತದೆ. ಬಳಿಕ ಮಾತಿಗೆ ನಿಲ್ಲುತ್ತದೆ. ಪೀಠಿಕೆಯಲ್ಲಿ ರಾಕ್ಷಸನು ತನ್ನ ಕುಲ, ವರ, ಅವಮಾನಗಳನ್ನು ತಾನೇ ಹೇಳಿಕೊಳ್ಳುತ್ತಾನೆ. ಅರ್ಥಗಾರಿಕೆಯ ಈ ಹಕ್ಕನ್ನು ಭಾಗವತನೂ ಕಸಿಯಲಾರ. ನೆರೆಯ ಹೊನ್ನಾವರದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (ನಿಧನ 2017) ಖ್ಯಾತಿ ಗಳಿಸಿದ್ದು ಬಹುಪಾಲು ಭಸ್ಮಾಸುರ, ಕೀಚಕ, ದುಷ್ಟಬುದ್ಧಿಯಂಥ ಪಾತ್ರಗಳಿಂದಲೇ. ಅವರ ಕೀಚಕನು ಸಾಯಬೇಕೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೂ ಜನ ನಿದ್ದೆಗೆಟ್ಟು ಕಾದದ್ದು ಕೀಚಕನಿಗಾಗಿ.

ಈ ಮಾತಿನ ಹಕ್ಕು ಎಲ್ಲ ಮಾಧ್ಯಮಗಳಲ್ಲಿ ಒಂದೇ ಬಗೆಯಲ್ಲಿ ಉಳಿಯುವುದಿಲ್ಲ. 2020ರಲ್ಲಿ ಬಂದ ಭಾರತೀಯ ವಿಡಿಯೊ ಗೇಮ್ ‘ರಾಜಿ’ಯಲ್ಲಿ ಅಸುರರು ಅಪಹರಿಸಿದ ತಮ್ಮನನ್ನು ಹುಡುಕಿ ಅಕ್ಕ ಹೊರಡುತ್ತಾಳೆ. ಆಡುವವನು ಅಕ್ಕನ ಪಾತ್ರದಲ್ಲಿದ್ದು ಅಸುರನನ್ನು ಎದುರಿಸುತ್ತಾನೆ; ಅಸುರನ ಪಕ್ಷದಿಂದ ಆಡುವಂತಿಲ್ಲ.

ಹಾಗೆಂದು ಜನಪದವು ಸದಾ ಉದಾರವೆಂದು ಭಾವಿಸಬೇಕಾಗಿಲ್ಲ. ನರಕ ಚತುರ್ದಶಿಯ ನಸುಕಿನಲ್ಲಿ ಕಾರವಾರ ಪರಿಸರದಲ್ಲಿ ಗೋವೆಯಂತೆಯೇ ನರಕಾಸುರನ ಆಕೃತಿಯನ್ನು ಸುಡಲಾಗುತ್ತದೆ. ಕೊಂಕಣಿ ಮನೆಗಳಲ್ಲಿ ‘ಕಾರೀಟ’ವೆಂಬ ಕಹಿಕಾಯಿಯನ್ನು ಅವನ ಹೆಸರಿನಲ್ಲಿ ಕಾಲಡಿ ಮೆಟ್ಟಿ ಒಡೆಯುತ್ತಾರೆ. ಪುರಾಣದ ನರಕನು ಭೂದೇವಿಯ ಮಗ. ಹುಲ್ಲು-ಕಾಗದಗಳ ಆಕೃತಿಗೆ ತಾಯಿಯಿಲ್ಲ, ಮಾತೂ ಇಲ್ಲ. ‘ನರಕಾಸುರ ವಧೆ’ ಪ್ರಸಂಗದಲ್ಲಿ ಮಾತ್ರ ಅವನಿಗೆ ಬಾಯಿ ಬರುತ್ತದೆ. ಅದೇ ಹಬ್ಬದಲ್ಲಿ ಜಿಲ್ಲೆಯ ರೈತಾಪಿ ಮನೆಗಳು ಇನ್ನೊಬ್ಬ ಅಸುರನನ್ನು ಕಲಶದಲ್ಲಿ ಕೂರಿಸಿ ಪೂಜಿಸುತ್ತವೆ. ಅವನು ಬಲೀಂದ್ರ, ಅವನನ್ನು ಕಳುಹಿಸಿಕೊಡುವಾಗ ಮುಂದಿನ ವರ್ಷ ಮರಳಿ ಬಾ ಎಂದು ಕೋರುತ್ತಾರೆ.