ಲಕ್ವ ಹೊಡೆಯುವುದು ಕೈಕಾಲಿಗಷ್ಟೇ ಅಲ್ಲ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಯಾರಿಗಾದರೂ ಲಕ್ವ ಹೊಡೆದರೆ ನೋಡಲು ಬಂದವರು ಕೇಳುವುದು ಎರಡೇ ಮಾತು: ಕೈ ಎತ್ತುತ್ತಾರಾ, ನಡೀತಾರಾ? ಎರಡಕ್ಕೂ ಹೌದೆಂದರೆ ಕಾಯಿಲೆ ವಾಸಿಯಾಯಿತೆಂದೇ ಲೆಕ್ಕ. ಕೆಲವು ತಿಂಗಳ ಮೇಲೆ ಅದೇ ಮನುಷ್ಯ ಡೇರಿಯ ಹಾಲಿನ ಲೆಕ್ಕ ತಪ್ಪಿದರೆ, ಅಡುಗೆಯ ನಡುವೆ ಮುಂದೇನೆಂದು ತೋಚದೆ ನಿಂತರೆ, ಅರವತ್ತಕ್ಕೆ ಅರಳು ಮರಳು ಎಂದು ಸುಮ್ಮನಾಗುತ್ತೇವೆ. ಲಕ್ವ ಕೈಕಾಲಿನ ರೋಗ ಎಂಬ ಎಣಿಕೆಯಿಂದಲೇ ಈ ತಪ್ಪು ಹುಟ್ಟುತ್ತದೆ. ಅದು ಮಿದುಳಿನ ರೋಗ. ರಕ್ತನಾಳ ಕಟ್ಟಿಕೊಂಡೋ ಒಡೆದೋ ಮಿದುಳಿನ ಒಂದು ಭಾಗ ಸಾಯುತ್ತದೆ. ಆ ಭಾಗ ಕೈಯನ್ನು ಆಡಿಸುವಂಥದಾದರೆ ಕೈ ಬೀಳುತ್ತದೆ, ಯೋಚನೆಯನ್ನು ಹೊಂದಿಸುವಂಥದಾದರೆ ಯೋಚನೆ ಕೆಡುತ್ತದೆ. ಮಿದುಳಿನ ಆಳದಲ್ಲಿರುವ ಥಲಾಮಸ್‌ನಂಥ ಜಾಗದಲ್ಲಿ ಆದ ಸಣ್ಣ ಗಾಯವೂ ನೆನಪನ್ನು ಕೆಡಿಸಬಲ್ಲದು, ಕೈಕಾಲು ಗಟ್ಟಿಯಾಗಿದ್ದಾಗಲೂ.

ವಯಸ್ಸಾದವರಿಗೆ ಮರೆವು ಬರುವುದೇ ಅಲ್ಲವೇ ಎಂದು ಕೇಳಬಹುದು. ಪ್ರಶ್ನೆಯಲ್ಲಿ ಹುರುಳಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಆಕ್ಸ್‌ಫರ್ಡ್‌ನ ಪೆಂಡಲ್‌ಬರಿ ಮತ್ತು ರಾತ್‌ವೆಲ್ ಪ್ರಕಟಿಸಿದ ಲೆಕ್ಕದಲ್ಲಿ, ಹತ್ತರಲ್ಲಿ ಒಬ್ಬರಿಗೆ ಲಕ್ವಕ್ಕೆ ಮೊದಲೇ ಡಿಮೆನ್ಶಿಯಾ, ಅಂದರೆ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ನೆನಪು, ಯೋಚನೆ ಕುಂದುವ ಕಾಯಿಲೆ, ಇತ್ತು. ಮೊದಲ ಲಕ್ವದ ನಂತರ ಹತ್ತರಲ್ಲಿ ಇನ್ನೊಬ್ಬರಿಗೆ ಹೊಸದಾಗಿ ಬಂತು. ಆದರೆ ಲಕ್ವ ಮರುಕಳಿಸಿದವರಲ್ಲಿ ಈ ಪ್ರಮಾಣ ಮೂರನೇ ಒಂದಕ್ಕಿಂತ ಹೆಚ್ಚು. ಬರೀ ವಯಸ್ಸಿನ ದೋಷವಾಗಿದ್ದರೆ ಎರಡನೆಯ ಹೊಡೆತಕ್ಕೆ ಇಷ್ಟು ಏರಬೇಕಾಗಿರಲಿಲ್ಲ. ಹೊರದೇಶದ ಲೆಕ್ಕ ನಮ್ಮ ಹಳ್ಳಿಗೆ ಹೊಂದೀತೇ ಎಂಬ ಅನುಮಾನವೂ ನ್ಯಾಯವೇ. ಓದು ಬಾರದವರ ಬುದ್ಧಿಯನ್ನು ಓದಿದವರಿಗಾಗಿ ಮಾಡಿದ ಪರೀಕ್ಷೆಯಿಂದ ಅಳೆದರೆ ಫಲಿತಾಂಶ ಸುಳ್ಳಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಿಂದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ನೆನಪು, ರಕ್ತ, ಮಿದುಳಿನ ಸ್ಕ್ಯಾನ್‌ಗಳನ್ನು ವರ್ಷಗಟ್ಟಲೆ ಗಮನಿಸುತ್ತಿರುವುದು ನಮ್ಮ ಹಳ್ಳಿಗಳದ್ದೇ ಲೆಕ್ಕ ಇಲ್ಲದ ಈ ಕೊರತೆ ತುಂಬಲಿಕ್ಕೇ. ಅದರ ಗುರಿ 10,000 ಜನ. ನಮ್ಮ ಜಿಲ್ಲೆಯವರು ಇದನ್ನು ಇನ್ನಷ್ಟು ಹೆಮ್ಮೆಯಿಂದ ಹೇಳಿಕೊಳ್ಳಬೇಕಿತ್ತು.

ಮರೆವಿಗೆ ಮದ್ದಿಲ್ಲ, ಗೊತ್ತಾಗಿ ಏನು ಫಲ ಎನ್ನುವವರೇ ಹೆಚ್ಚು. ಸತ್ತ ಮಿದುಳಿನ ಭಾಗವನ್ನು ಯಾವ ಮಾತ್ರೆಯೂ ಬದುಕಿಸದು, ನಿಜ. ಆದರೆ ಮುಂದಿನ ಹೊಡೆತವನ್ನು ತಡೆಯಬಹುದು. ಹಿಂದೆ ಲಕ್ವವೋ ಅದರ ಮುನ್ಸೂಚನೆಯೋ ಆಗಿದ್ದ 6,105 ಜನರ ಮೇಲೆ ನಡೆದ ಪ್ರೋಗ್ರೆಸ್ ಪ್ರಯೋಗದ 2003ರ ವರದಿ ಹೇಳಿದ್ದು ಇದನ್ನೇ: ಬಿಪಿ ಇಳಿಸುವ ಮಾತ್ರೆಯಿಂದ, ಮರುಲಕ್ವದ ಜತೆಗೆ ಬರುವ ಡಿಮೆನ್ಶಿಯಾ ಸುಮಾರು ಮೂರನೇ ಒಂದರಷ್ಟು ತಗ್ಗಿತು. ಎಲ್ಲ ಬಗೆಯ ಡಿಮೆನ್ಶಿಯಾ ಒಟ್ಟಾಗಿ ಅಷ್ಟು ಸ್ಪಷ್ಟವಾಗಿ ಇಳಿಯಲಿಲ್ಲ, ಅದನ್ನು ಮುಚ್ಚಿಡಬೇಕಿಲ್ಲ. ಇನ್ನೂ ಒಂದು ಮಾತು: ಲಕ್ವದ ನಂತರದ ಮಂಕೆಲ್ಲ ಡಿಮೆನ್ಶಿಯಾ ಅಲ್ಲ. ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಥೈರಾಯ್ಡ್ ತೊಂದರೆ, ಬಿ12 ಕೊರತೆಯೂ ಮರೆವಿನಂತೆ ಕಾಣುತ್ತವೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ನಡೆಯಲು ಬಂತೆಂದು ಬಿಪಿ, ಶುಗರ್ ಮಾತ್ರೆ ನಿಲ್ಲಿಸಬೇಡಿ. ಮುಂದಿನ ಸಲ ವೈದ್ಯರ ಬಳಿ ಹೋದಾಗ ಕೈಕಾಲಿನ ಜತೆಗೆ ಮರೆವಿನ ಸುದ್ದಿಯನ್ನೂ ನೀವಾಗಿಯೇ ಹೇಳಿ.